ಅಜ್ಜ, ಅಜ್ಜಿ, ಪುಟ್ಟ ಮಕ್ಕಳ ಜೊತೆ ವಿದೇಶಕ್ಕೆ: ಶ್ರೀಲಂಕಾ, ಸಿಂಗಾಪುರ, ದುಬೈ, ನೇಪಾಳದಲ್ಲಿ ನಿಮ್ಮ ಮನೆಗೆ ಯಾವುದು ಒಗ್ಗುತ್ತೆ?

ರಜೆ ಹತ್ತಿರ ಬಂತೆಂದರೆ ಯಾರಾದರೊಬ್ಬರು ಫೋನ್ ಮಾಡಿ ಇದೇ ಮಾತು ಕೇಳುತ್ತಾರೆ. "ಅಪ್ಪ ಅಮ್ಮನ್ನ ಒಂದು ಸಲ ಹೊರದೇಶಕ್ಕೆ ಕರ್ಕೊಂಡು ಹೋಗ್ಬೇಕು, ಮಕ್ಕಳೂ ಇದಾರೆ, ತಂಗಿ ಮನೆಯವರೂ ಬರ್ತಾರಂತೆ. ಸಿಂಗಾಪುರಕ್ಕೆ ಹೋಗೋದಾ, ದುಬೈಗಾ, ಶ್ರೀಲಂಕಾನೇ ಸಾಕಾ?" ನಾವು ಒಂಬತ್ತು ಜನ ಹೀಗೆ ಎರಡು ಸಲ ಹೋಗಿ ಬಂದಿದ್ದೇವೆ. ಮಾವನಿಗೆ 76, ಮೊಣಕಾಲು ಸವೆದಿದೆ. ಅತ್ತೆಗೆ 71, ಸಕ್ಕರೆ ಕಾಯಿಲೆ, ಎರಡು ಹೊತ್ತು ಇನ್ಸುಲಿನ್. ನಾದಿನಿ, ಅವಳ ಯಜಮಾನರು, ಅವರ ಏಳು ವರ್ಷದ ಮಗ, ಮೂರು ವರ್ಷದ ಮಗಳು. ಮತ್ತೆ ನಾವಿಬ್ಬರು, ನಮ್ಮ ಮಗಳು. ಮೊದಲ ಸಲ ಶ್ರೀಲಂಕಾ, ಎರಡು ವರ್ಷ ಬಿಟ್ಟು ಸಿಂಗಾಪುರ. ದುಬೈಯಲ್ಲಿ ನನ್ನ ತಂಗಿಯ ಮನೆ ಇರುವುದರಿಂದ ಆ ಊರೂ ಗೊತ್ತು. ನೇಪಾಳಕ್ಕೆ ನನ್ನ ಅಪ್ಪ ಅಮ್ಮನ ಜೊತೆ ಹೋಗಿದ್ದೆ. ಬೆಂಗಳೂರಿನಿಂದ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ನಾಲ್ಕನ್ನೂ ತೂಗಿ ಬರೆಯುತ್ತಿದ್ದೇನೆ.

ಮೊದಲು ಮನೆಯವರನ್ನು ಅಳೆಯಿರಿ

ಬಹಳ ಜನ ಮೊದಲು ನೋಡುವ ಜಾಗಗಳ ಪಟ್ಟಿ ಮಾಡಿ, ಆಮೇಲೆ ಹಿರಿಯರನ್ನು ಅದರೊಳಗೆ ಹೊಂದಿಸಲು ನೋಡುತ್ತಾರೆ. ನಾನು ಹೇಳುವುದು ತಿರುಗಾಮುರುಗಾ. ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು, ಎಲ್ಲರಿಗಿಂತ ಬೇಗ ನಿದ್ದೆ ಬರುವುದು ಯಾರಿಗೆ? ದೇಶವನ್ನು ಅವರಿಬ್ಬರೇ ಆರಿಸಲಿ.

ಇದನ್ನು ತಿಳಿಯಲು ನಾವು ಟಿಕೆಟ್ ಬುಕ್ ಮಾಡುವ ಮೊದಲು ಎಲ್ಲರನ್ನೂ ಒಂದು ದಿನ ಮೈಸೂರು ಮೃಗಾಲಯಕ್ಕೆ ಕರೆದುಕೊಂಡು ಹೋದೆವು. ಬ್ಯಾಟರಿ ಗಾಡಿ ಹತ್ತಲಿಲ್ಲ. ಮಾವ ನಲವತ್ತನೇ ನಿಮಿಷಕ್ಕೆ ಒಂದು ಬೆಂಚು ಹಿಡಿದು ಕೂತರು, ಆಮೇಲೆ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಕೂರಬೇಕಾಯಿತು. ಚಿಕ್ಕವಳು ಹನ್ನೆರಡೂವರೆಗೆ ಅಪ್ಪನ ಹೆಗಲ ಮೇಲೆ ನಿದ್ದೆ ಹೋದಳು. ಅತ್ತೆ ಊಟ ಒಂದು ಗಂಟೆ ದಾಟಿದರೆ ಸುಸ್ತಾಗುತ್ತಿದ್ದರು. ಆ ಮೂರು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಎರಡೂ ಪ್ರವಾಸಗಳ ದಿನಚರಿ ಹೊರಟಿದ್ದು ಆ ಚೀಟಿಯಿಂದಲೇ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ರೂಮು, ಸಂಜೆ ಆದರೆ ಇನ್ನೊಂದು ಜಾಗ, ಆಗದಿದ್ದರೆ ಇಲ್ಲ.

ಇದರ ಜೊತೆಗೆ ನೋಡಬೇಕಾದ್ದು ಬಾಗಿಲಿನಿಂದ ಬಾಗಿಲಿಗೆ ಎಷ್ಟು ಗಂಟೆ ಪಯಣ ಎನ್ನುವುದು. ವಿಮಾನದೊಳಗಿನ ಸಮಯ ಒಂದನ್ನೇ ಲೆಕ್ಕ ಹಿಡಿಯಬೇಡಿ. ಕೂತ ಗಾಡಿಯಿಂದ ಎಷ್ಟು ಸಲ ಇಳಿದು ಹತ್ತಬೇಕು, ಮೂರು ಹೊತ್ತು ಅನ್ನ, ಮೊಸರು ಸಿಗುತ್ತದೆಯೇ, ಒಂದೇ ಸೂರಿನಡಿ ಎಲ್ಲರೂ ಇರಲಾಗುತ್ತದೆಯೇ, ಮಕ್ಕಳ ರಜೆಯ ತಿಂಗಳಲ್ಲಿ ಅಲ್ಲಿಯ ಹವೆ ಹೇಗಿರುತ್ತದೆ ಎನ್ನುವುದನ್ನೂ ನೋಡಿ. ಇಷ್ಟಾದ ಮೇಲೆ ದುಡ್ಡಿನ ಲೆಕ್ಕ.

ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅತ್ತೆ ಮೊದಲ ಸಲ "ನಾನು ಬರಲ್ಲ, ಮನೆ ನೋಡಿಕೊಂಡು ಇರ್ತೀನಿ, ನೀವು ಹೋಗಿ ಬನ್ನಿ" ಅಂದರು. ಖರ್ಚಿನ ಚಿಂತೆ ಇರಬೇಕು ಅಂದುಕೊಂಡೆವು. ಒಂದು ವಾರ ಕಳೆದ ಮೇಲೆ ಮಗಳ ಹತ್ತಿರ ಮೆಲ್ಲಗೆ ಹೇಳಿದ್ದು ಬೇರೆ: ವಿಮಾನದ ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡರೆ ತೆಗೆಯಲು ಬರುತ್ತೋ ಇಲ್ಲವೋ, ನೀರು ಇರುತ್ತೋ ಇಲ್ಲವೋ ಅನ್ನುವ ಭಯ. ನಿಮ್ಮ ಮನೆಯ ಹಿರಿಯರು "ಬರಲ್ಲ" ಅಂದರೆ ದಯವಿಟ್ಟು ಒಬ್ಬರೇ ಇರುವಾಗ ಕೂತು ಕೇಳಿ. ನೀರಿನ ಸಂಗತಿಯಲ್ಲಿ ದುಬೈ ಆರಾಮ, ಅಲ್ಲಿ ಎಲ್ಲೆಡೆ ಕೈಗೆ ನೀರಿನ ಪೈಪು ಇರುತ್ತದೆ. ಶ್ರೀಲಂಕಾದಲ್ಲೂ ಹೆಚ್ಚಿನ ಕಡೆ ಉಂಟು. ಸಿಂಗಾಪುರದಲ್ಲಿ ಬಹಳಷ್ಟು ಹೋಟೆಲ್ ರೂಮುಗಳಲ್ಲಿ ಇರಲಿಲ್ಲ, ಹಗುರವಾದ ಒಂದು ಪ್ಲಾಸ್ಟಿಕ್ ಚೊಂಬು ಒಯ್ದಿದ್ದೆವು.

ಶ್ರೀಲಂಕಾ: ಹತ್ತಿರ, ಅಗ್ಗ, ಆದರೆ ತಿರುವಿನ ರಸ್ತೆ

ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆಯ ಹಾರಾಟ. ಗಡಿಯಾರ ಬದಲಿಸುವ ಕೆಲಸವೇ ಇಲ್ಲ, ಅಲ್ಲಿಯ ಸಮಯವೂ ನಮ್ಮದೇ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಎಷ್ಟು ದೊಡ್ಡ ಅನುಕೂಲ ಎನ್ನುವುದು ಸಿಂಗಾಪುರಕ್ಕೆ ಹೋದಾಗ ಗೊತ್ತಾಯಿತು. ಊಟವೂ ಹೊಸದೆನಿಸುವುದಿಲ್ಲ. ಕೆಂಪಕ್ಕಿ ಅನ್ನ, ತೆಂಗಿನಹಾಲಿನ ಬೇಳೆ, ಹಲಸಿನಕಾಯಿ ಪಲ್ಯ, ನಮ್ಮ ಒತ್ತುಶ್ಯಾವಿಗೆಯಂಥದ್ದೇ ಇಂದಿಯಾಪ್ಪ. ಒಂದೇ ಎಚ್ಚರಿಕೆ: ತೆಂಗಿನಕಾಯಿ ಚಟ್ನಿಯಂತೆ ಕಾಣುವ ಪೋಲ್ ಸಂಬೋಲಿಗೆ ಒಣಮೀನಿನ ಚೂರು ಹಾಕುವ ರೂಢಿ ಇದೆ. ಸಸ್ಯಾಹಾರಿಗಳು ಪ್ರತಿ ಸಲ ಕೇಳಿಯೇ ಬಡಿಸಿಕೊಳ್ಳಬೇಕು.

ಇಲ್ಲಿಯ ದೊಡ್ಡ ಲಾಭ ಚಾಲಕನ ಜೊತೆ ಸಿಗುವ ವ್ಯಾನು. ಒಂಬತ್ತು ಜನ, ಸಾಮಾನು ಎಲ್ಲ ಒಂದೇ ಗಾಡಿಯಲ್ಲಿ. ವಿಮಾನ ನಿಲ್ದಾಣದಲ್ಲಿ ಹತ್ತಿದವರು ವಾಪಸ್ ಬರುವವರೆಗೂ ಅದೇ ಗಾಡಿ, ಅದೇ ಚಾಲಕ. ಚಿಕ್ಕವಳು ನಿದ್ದೆ ಹೋದರೆ ಎಸಿ ಹಾಕಿ ಗಾಡಿಯಲ್ಲೇ ಮಲಗಿಸಿ ಒಬ್ಬರು ಜೊತೆಗಿರಬಹುದು. ನಮ್ಮ ಚಾಲಕರಿಗೆ ತಮಿಳು ಬರುತ್ತಿತ್ತು. ಬೆಂಗಳೂರಿನ ಹಲಸೂರಿನಲ್ಲಿ ಬೆಳೆದ ಮಾವನಿಗೆ ಐದು ದಿನ ಮಾತಿಗೆ ಬರವೇ ಇರಲಿಲ್ಲ.

ಕಷ್ಟ ಇರುವುದು ರಸ್ತೆಯಲ್ಲಿ. ಕೊಲಂಬೊದಿಂದ ಕ್ಯಾಂಡಿಗೆ ದೂರ ನೂರ ಹದಿನೈದು ಕಿಲೋಮೀಟರ್ ಆಸುಪಾಸು, ಹಿಡಿಯುವ ಸಮಯ ಮೂರರಿಂದ ನಾಲ್ಕು ಗಂಟೆ. ಕ್ಯಾಂಡಿಯಿಂದ ನುವಾರ ಎಲಿಯಕ್ಕೆ ಚಹಾ ತೋಟಗಳ ನಡುವೆ ಆಗುಂಬೆ ಘಾಟಿಯನ್ನು ನೆನಪಿಸುವ ತಿರುವುಗಳು. ಏಳು ವರ್ಷದವನು ಎರಡು ಸಲ ವಾಂತಿ ಮಾಡಿಕೊಂಡ. ಮಗು ಇರುವವರು ಒಂದೇ ಪ್ರವಾಸದಲ್ಲಿ ಬೆಟ್ಟ, ಸಮುದ್ರ, ಸಿಗಿರಿಯಾ ಮೂರನ್ನೂ ಸೇರಿಸಬೇಡಿ. ಸಿಗಿರಿಯಾ ಬಂಡೆಗೆ ಸಾವಿರದ ಇನ್ನೂರರಷ್ಟು ಮೆಟ್ಟಿಲುಗಳಿವೆ. ಹತ್ತುವವರು ಇಬ್ಬರು, ಕೆಳಗೆ ಕಾಯುವವರು ಏಳು ಜನ ಎಂದಾದರೆ ಆ ದಿನವನ್ನು ಬೆಂಟೋಟದ ಸಮುದ್ರದ ದಡದಲ್ಲಿ ಕಳೆಯುವುದು ಎಲ್ಲರಿಗೂ ಒಳ್ಳೆಯದು.

ನಮಗೆ ಆದ ಒಂದು ನೋವನ್ನೂ ಹೇಳಬೇಕು. ಪ್ರವಾಸ ಗೊತ್ತುಮಾಡಿಕೊಟ್ಟವರು ಕ್ಯಾಂಡಿಯ ಹೋಟೆಲಿನಲ್ಲಿ ಲಿಫ್ಟ್ ಇದೆ ಎಂದು ಮಾತು ಕೊಟ್ಟಿದ್ದರು. ಹೋಗಿ ನೋಡಿದರೆ ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಮನೆ, ರಸ್ತೆಯಿಂದ ರೂಮಿಗೆ ನಲವತ್ತೆರಡು ಮೆಟ್ಟಿಲು. ಮಾವ ಒಂದು ಸಲ ಹತ್ತಿದವರು ಮತ್ತೆ ಇಳಿಯಲಿಲ್ಲ. ಬುದ್ಧನ ಹಲ್ಲನ್ನು ಇಟ್ಟು ಪೂಜಿಸುವ ದಂತ ಧಾತು ದೇಗುಲದ ಸಂಜೆಯ ಪೂಜೆಗೆ ನಾವು ಹೋದೆವು, ಅವರು ಕಿಟಕಿಯಿಂದ ಡೋಲಿನ ಸದ್ದು ಕೇಳಿಸಿಕೊಂಡು ಕೂತಿದ್ದರು. ಅಂದಿನಿಂದ ನಾನು ಯಾವ ಮಧ್ಯವರ್ತಿಯ ಮಾತನ್ನೂ ಪೂರ್ತಿ ನಂಬುವುದಿಲ್ಲ. ಹೋಟೆಲಿಗೇ ನೇರವಾಗಿ ಫೋನ್ ಮಾಡಿ "ಗಾಡಿ ನಿಲ್ಲುವ ಜಾಗದಿಂದ ಹಾಸಿಗೆವರೆಗೆ ಎಷ್ಟು ಮೆಟ್ಟಿಲು" ಎಂದು ಕೇಳುತ್ತೇನೆ. ಲಿಫ್ಟ್ ಇದೆಯಾ ಎಂದಷ್ಟೇ ಕೇಳಿದರೆ, ಲಿಫ್ಟಿನ ತನಕ ಇಪ್ಪತ್ತು ಮೆಟ್ಟಿಲು ಇರುವುದು ತಿಳಿಯುವುದಿಲ್ಲ.

ಅದೇ ಪ್ರವಾಸದಲ್ಲಿ ಅತ್ತೆ ಇಂದಿಗೂ ನೆನೆಯುವ ಗಳಿಗೆಯೂ ಇದೆ. ನುವಾರ ಎಲಿಯದ ಹತ್ತಿರ ಸೀತಾ ಎಲಿಯದಲ್ಲಿ ಸೀತಮ್ಮನ ಗುಡಿ, ಪಕ್ಕದಲ್ಲೇ ತಣ್ಣಗೆ ಹರಿಯುವ ಹೊಳೆ, ಬಂಡೆಯ ಮೇಲೆ ಹನುಮನ ಹೆಜ್ಜೆ ಎಂದು ಜನ ತೋರಿಸುವ ಗುರುತು. ಅತ್ತೆ ಹೊಳೆಯ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡು ಮೊಮ್ಮಗಳ ತಲೆಗೆ ಸವರಿ, ಅಶೋಕವನದ ಕಥೆಯನ್ನು ಅಲ್ಲೇ ನಿಂತು ಮೊದಲಿಂದ ಹೇಳಿದರು. ಅಶೋಕವನ ಇದೇ ಎಂದು ಅಲ್ಲಿಯವರು ನಂಬುತ್ತಾರೆ. ಏಳು ವರ್ಷದವನು ಅವತ್ತು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ.

ಹವೆಯ ವಿಷಯ: ಮೇ ತಿಂಗಳ ಹೊತ್ತಿಗೆ ಪಶ್ಚಿಮ ಮತ್ತು ದಕ್ಷಿಣ ತೀರಕ್ಕೆ ಮುಂಗಾರು ಬರುತ್ತದೆ, ಹಾಗಾಗಿ ಬೇಸಿಗೆ ರಜೆಯಲ್ಲಿ ಹೋಗುವವರು ಏಪ್ರಿಲನ್ನೇ ಹಿಡಿಯಬೇಕು. ಅದರಲ್ಲೂ ಏಪ್ರಿಲ್ 13, 14ರ ಸುಮಾರಿಗೆ ಅವರ ಹೊಸವರ್ಷ, ಅಂಗಡಿ ಹೋಟೆಲುಗಳು ಮುಚ್ಚಿರುತ್ತವೆ.

ಸಿಂಗಾಪುರ: ದುಬಾರಿ, ಆದರೆ ಗಾಲಿಕುರ್ಚಿಗೆ ಎಲ್ಲಿಯೂ ತಡೆಯಿಲ್ಲ

ನಾಲ್ಕೂವರೆ ಗಂಟೆಯ ಹಾರಾಟ, ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ವಿಮಾನದಲ್ಲಿ ಹೊರಟರೆ ಬೆಳಗಾಗುವ ಹೊತ್ತಿಗೆ ಇಳಿಯುತ್ತೇವೆ, ಆದರೆ ಹೋಟೆಲಿನವರು ರೂಮು ಕೊಡುವುದು ಮಧ್ಯಾಹ್ನ. ನಿದ್ದೆಗೆಟ್ಟ ಮಗು, ಬಳಲಿದ ಅಜ್ಜಿಯನ್ನು ಲಾಬಿಯಲ್ಲಿ ಕೂರಿಸುವ ಕಷ್ಟ ಬೇಡ. ಹಗಲು ವಿಮಾನ ಹಿಡಿಯಿರಿ, ಇಲ್ಲವೇ ಹಿಂದಿನ ರಾತ್ರಿಯಿಂದಲೇ ರೂಮು ಹಿಡಿಯಿರಿ. ನಾವು ಎರಡನೆಯದನ್ನು ಮಾಡಿದೆವು. ಆ ಖರ್ಚು ಒಂದು ಬಿಡಿಗಾಸೂ ದಂಡ ಅನ್ನಿಸಲಿಲ್ಲ.

ಮಾವ ಗಾಲಿಕುರ್ಚಿಗೆ ಒಪ್ಪಿದ ಬಗೆ ಹೇಳುತ್ತೇನೆ. ಬೆಂಗಳೂರಿನ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಹುಡುಗ ಕುರ್ಚಿ ತಂದು ನಿಲ್ಲಿಸಿದಾಗ "ನಾನೇನು ರೋಗಿಯೇನಪ್ಪಾ" ಎಂದು ಮುಖ ತಿರುಗಿಸಿದರು. ಅಷ್ಟರಲ್ಲಿ ಚಿಕ್ಕವಳು ತಾನೇ ಹತ್ತಿ ಕೂತು "ತಾತ, ಬಾ, ನನ್ನ ಹಿಡ್ಕೋ" ಅಂದಳು. ಮಗು ಬೀಳದಂತೆ ಹಿಡಿದುಕೊಳ್ಳುವ ನೆಪದಲ್ಲಿ ಕೂತವರು ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ತಾವೇ ಕುರ್ಚಿ ಎಲ್ಲಿ ಎಂದು ಕೇಳಿದರು. ಈ ಸಹಾಯವನ್ನು ಟಿಕೆಟ್ ಬುಕ್ ಮಾಡುವಾಗಲೇ ನಮೂದಿಸಬೇಕು, ಕೊನೇ ಗಳಿಗೆಗೆ ಬಿಡಬಾರದು.

ಊರೊಳಗೆ ಮೆಟ್ರೋ ನಿಲ್ದಾಣಗಳಲ್ಲೆಲ್ಲ ಲಿಫ್ಟ್ ಇದೆ, ಬಸ್ಸಿಗೆ ಗಾಲಿಕುರ್ಚಿ ಹತ್ತುತ್ತದೆ, ಕಾಲುದಾರಿ ಸಮತಟ್ಟು. ಆದರೆ ನಡಿಗೆ ಜಾಸ್ತಿ. ರೈಲು ಬದಲಿಸುವ ದೊಡ್ಡ ನಿಲ್ದಾಣಗಳಲ್ಲಿ ಒಂದು ಮಾರ್ಗದಿಂದ ಇನ್ನೊಂದಕ್ಕೆ ಹೋಗಲೇ ಹತ್ತು ನಿಮಿಷ ಬೇಕಾಗಬಹುದು. ಗಾಲಿಕುರ್ಚಿ ಬೇಡ ಎನ್ನುವ ಹಿರಿಯರಿಗೆ ಮೆಟ್ರೋ ತೋರಿಸಲು ಒಂದು ಸಲ ಸಾಕು, ಉಳಿದದ್ದಕ್ಕೆ ಟ್ಯಾಕ್ಸಿ ಹಿಡಿಯಿರಿ. 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಟ್ಯಾಕ್ಸಿಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಬರುವ ಖಾಸಗಿ ಕಾರುಗಳಿಗೆ ಇಲ್ಲ. ನಾದಿನಿ ಇದನ್ನು ತಿಳಿಯದೆ ಬುಕ್ ಮಾಡಿದಾಗ ಕಾರಿನವರು ಮಗುವನ್ನು ಹತ್ತಿಸಿಕೊಳ್ಳಲಿಲ್ಲ.

ಖರ್ಚು ಏರುವುದು ವಸತಿಯಲ್ಲಿ. ರೂಮುಗಳು ಚಿಕ್ಕವು, ಒಂದರಲ್ಲಿ ಇಬ್ಬರು ಅಥವಾ ಮೂವರು. ಒಂಬತ್ತು ಜನಕ್ಕೆ ನಾಲ್ಕು ರೂಮು ಹಿಡಿದೆವು. "ಒಂದು ಮನೆ ಬಾಡಿಗೆಗೆ ಹಿಡಿದು ಅಡುಗೆ ಮಾಡಿಕೊಳ್ಳೋಣ" ಎಂಬ ಯೋಚನೆ ಬೇಡ. ಅಲ್ಲಿ ಖಾಸಗಿ ವಾಸದ ಮನೆಗಳನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ. ಅಡುಗೆಮನೆ ಬೇಕೆಂದರೆ ಪರವಾನಗಿ ಇರುವ ಸರ್ವಿಸ್ ಅಪಾರ್ಟ್‌ಮೆಂಟೇ ಗತಿ. ನಾವು ಲಿಟಲ್ ಇಂಡಿಯಾದಲ್ಲಿ ಉಳಿದುಕೊಂಡೆವು. ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಇದೆ, ಇಡ್ಲಿ, ದೋಸೆ, ಬಾಳೆಎಲೆ ಊಟ ನಡೆದು ಹೋಗುವ ದೂರದಲ್ಲೇ ಸಿಗುತ್ತಿತ್ತು. ಅತ್ತೆ ಬೆಳಿಗ್ಗೆ ಶ್ರೀನಿವಾಸ ಪೆರುಮಾಳ್ ದೇವಸ್ಥಾನಕ್ಕೆ ಹೋಗಿ ಬಂದು ಆಮೇಲೆ ತಿಂಡಿ ತಿನ್ನುತ್ತಿದ್ದರು, ಊರಲ್ಲಿದ್ದ ಹಾಗೆಯೇ.

ಎಲ್ಲ ವಯಸ್ಸಿನವರೂ ಒಟ್ಟಿಗೆ ಖುಷಿಪಟ್ಟ ಜಾಗ ಎಂದರೆ ಮೃಗಾಲಯ ಮತ್ತು ಗಾರ್ಡನ್ಸ್ ಬೈ ದ ಬೇ. ಮೃಗಾಲಯದಲ್ಲಿ ಟ್ರ್ಯಾಮ್ ಗಾಡಿ ಇದೆ. ಗಾರ್ಡನ್ಸಿನ ಗಾಜಿನ ಮನೆಗಳ ಒಳಗೆ ತಂಪು, ಹೊರಗಿನ ಜಿಗುಟು ಸೆಖೆಯಿಂದ ಬಂದವರಿಗೆ ಜೀವ ಬಂದಂತಾಗುತ್ತದೆ. ಅಲ್ಲಿ ಮರದಂತೆ ಎತ್ತರಕ್ಕೆ ಕಟ್ಟಿರುವ ಸೂಪರ್ ಟ್ರೀಗಳ ಕೆಳಗೆ ಸಂಜೆಯ ದೀಪದಾಟ ನೋಡಲು ಟಿಕೆಟ್ಟೇ ಬೇಕಿಲ್ಲ. ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಆಟದ ಪಾರ್ಕಿಗೆ ಎಲ್ಲರಿಗೂ ಟಿಕೆಟ್ ತೆಗೆಯಬೇಡಿ. ದೊಡ್ಡ ಮಕ್ಕಳು, ಅಪ್ಪಂದಿರು ಹೋಗಲಿ, ಹಿರಿಯರು, ಪುಟ್ಟವರು ಅವತ್ತು ವಿಶ್ರಾಂತಿ ತೆಗೆದುಕೊಳ್ಳಲಿ. ಮೂರು ವರ್ಷದ ಮಗುವಿಗೆ ಅಲ್ಲಿ ಹತ್ತುವಂಥದ್ದು ಕಡಿಮೆ.

ದುಬೈ: ನೆಂಟರಿದ್ದರೆ ಮಾತೇ ಬೇರೆ

ಮಂಗಳೂರು, ಉಡುಪಿ ಕಡೆಯವರಿಗೆ ದುಬೈ ಹೊರದೇಶ ಅನ್ನಿಸುವುದೇ ಇಲ್ಲ. ಮಂಗಳೂರಿನಿಂದಲೇ ನೇರ ವಿಮಾನ, ಕರಾಮಾ, ಬರ್ ದುಬೈ ಕಡೆ ಉಡುಪಿ ಹೋಟೆಲು, ಪ್ರತಿ ಮನೆಗೊಬ್ಬ ಅಣ್ಣನೋ ಭಾವನೋ ಅಲ್ಲಿರುತ್ತಾರೆ. ಬೆಂಗಳೂರಿನಿಂದ ನಾಲ್ಕು ಗಂಟೆಯ ಹಾದಿ, ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಡುಗೆಮನೆ ಇರುವ ಹೋಟೆಲ್ ಅಪಾರ್ಟ್‌ಮೆಂಟುಗಳು ಸುಲಭವಾಗಿ ಸಿಗುತ್ತವೆ. ಎರಡು ಮೂರು ಬೆಡ್‌ರೂಮಿನದನ್ನು ಹಿಡಿದರೆ ಎಲ್ಲರೂ ಒಂದೇ ಸೂರಿನಡಿ ಇರಬಹುದು, ರಾತ್ರಿ ಅನ್ನ, ಸಾರು ಮನೆಯಲ್ಲೇ ಆಗುತ್ತದೆ. ದೊಡ್ಡ ಕುಟುಂಬಕ್ಕೆ ಇದರಷ್ಟು ಹಾಯೆನಿಸುವ ವಸತಿ ಉಳಿದ ಮೂರರಲ್ಲಿ ನನಗೆ ಸಿಗಲಿಲ್ಲ.

ಆದರೆ ಮೇ ತಿಂಗಳಲ್ಲಿ ಹೋಗಬೇಡಿ. ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ವಯಸ್ಸಾದವರನ್ನು, ಕೂಸುಗಳನ್ನು ಒಡ್ಡಬಾರದು. ಗ್ಲೋಬಲ್ ವಿಲೇಜ್ ಎಂಬ ಜಾತ್ರೆ, ಮಿರಾಕಲ್ ಗಾರ್ಡನ್ ಎಂಬ ಹೂದೋಟ ಎರಡೂ ಬೇಸಿಗೆಯಲ್ಲಿ ಮುಚ್ಚಿರುತ್ತವೆ. ಡಿಸೆಂಬರ್, ಜನವರಿಯೇ ಸರಿಯಾದ ಕಾಲ, ಆಗ ಬೆಲೆಯೂ ಏರಿರುತ್ತದೆ. ಮರಳುಗಾಡಿನ ಸಫಾರಿಗೆ ಹೋಗುವುದಾದರೆ ದಿಬ್ಬದ ಮೇಲೆ ಗಾಡಿ ಹಾರಿಸುವ ಆಟದಿಂದ ಬೆನ್ನು ಕತ್ತು ನೋವಿನವರನ್ನು, ಸಣ್ಣ ಮಕ್ಕಳನ್ನು ದೂರವಿಟ್ಟು ನೇರವಾಗಿ ಶಿಬಿರಕ್ಕೆ ಬಿಡಲು ಮೊದಲೇ ಮಾತಾಡಿಕೊಳ್ಳಿ. ಬುರ್ಜ್ ಖಲೀಫಾದ ಟಿಕೆಟ್ಟಿಗಿಂತ ನನ್ನ ತಂಗಿಯ ಅತ್ತೆ ಹೆಚ್ಚು ಮೆಚ್ಚಿದ್ದು ಖಾಡಿಯ ಆಚೆಗೆ ಒಂದು ದಿರ್ಹಮಿಗೆ ದಾಟಿಸುವ ಅಬ್ರಾ ದೋಣಿಯನ್ನು. ಒಂದು ದಿನ ಬಿಡುವಿದ್ದರೆ ಅಬುಧಾಬಿಯಲ್ಲಿ 2024ರ ಫೆಬ್ರವರಿಯಲ್ಲಿ ತೆರೆದ ಕಲ್ಲಿನ ಮಂದಿರ ನೋಡಬಹುದು.

ಪೆಟ್ಟಿಗೆ ಕಟ್ಟುವಾಗ ಇನ್ನಿಲ್ಲದ ಎಚ್ಚರ ಬೇಕು. ಗಸಗಸೆ ಮತ್ತು ವೀಳ್ಯದೆಲೆ ಅಲ್ಲಿ ನಿಷಿದ್ಧ. ಗಸಗಸೆ ಹಾಕಿದ ಮಸಾಲೆಪುಡಿ ಅಜ್ಜಿಯ ಚೀಲದಲ್ಲಿ, ಎಲೆಅಡಿಕೆ ಅಜ್ಜನ ಸಂಚಿಯಲ್ಲಿ ಉಳಿದುಬಿಡುವುದು ಎಷ್ಟು ಸುಲಭ ನೋಡಿ. ಸಿಂಗಾಪುರಕ್ಕೂ ಗಸಗಸೆ ಒಯ್ಯಬಾರದು. ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಿಗೆ ದುಬೈ, ಅಬುಧಾಬಿ ಸೇರಿರುವ ಯುಎಇ ದೇಶದಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ. ಹೊರಡುವ ಮೊದಲು ವೈದ್ಯರಿಗೆ ಪಟ್ಟಿ ತೋರಿಸಿ, ಆಗುವುದಾದರೆ ಬದಲಿ ಔಷಧಿ ಬರೆಸಿಕೊಳ್ಳಿ.

ನೇಪಾಳ: ಹಿರಿಯರ ಮನಸ್ಸು ಎಳೆಯುವ ಊರು

ಇಲ್ಲಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ಸಾಕು. 65 ದಾಟಿದವರು, 15 ತುಂಬದ ಮಕ್ಕಳು ಆಧಾರ್ ತೋರಿಸಿಯೂ ಹೋಗಬಹುದು, ನಡುವಿನ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ. ಪಶುಪತಿನಾಥದಲ್ಲಿ ಮೂಲಪೂಜೆ ಮಾಡುವ ಭಟ್ಟರು ಪರಂಪರೆಯಿಂದ ನಮ್ಮ ಕರ್ನಾಟಕದವರು. ಇದನ್ನು ಹೇಳಿದಾಗ ನನ್ನ ಅಪ್ಪನ ಕಣ್ಣು ತುಂಬಿ ಬಂದಿತ್ತು.

ಆದರೆ ಮಕ್ಕಳಿರುವ ಕುಟುಂಬಕ್ಕೆ ನಾನು ಇದನ್ನು ಮೊದಲ ಆಯ್ಕೆಯಾಗಿ ಹೇಳಲಾರೆ. ಬೆಂಗಳೂರಿನಿಂದ ದೆಹಲಿಯ ಮೇಲೆ ಹೋಗುವವರೇ ಹೆಚ್ಚು, ಬಾಗಿಲಿನಿಂದ ಬಾಗಿಲಿಗೆ ಇಡೀ ದಿನ ಹೋಗುತ್ತದೆ. ಕಠ್ಮಂಡುವಿನಿಂದ ಪೋಖರಾಕ್ಕೆ ಇನ್ನೂರು ಕಿಲೋಮೀಟರ್ ರಸ್ತೆ ಏಳೆಂಟು ಗಂಟೆ ಹಿಡಿಯುತ್ತದೆ. ವಿಮಾನದಲ್ಲಿ ಅರ್ಧ ಗಂಟೆಯೂ ಇಲ್ಲ, ಆದರೆ ಮೋಡ ಕವಿದರೆ ಅದು ಹೊರಡುವುದಿಲ್ಲ. ಮುಕ್ತಿನಾಥ ಬೇಕೇ ಬೇಕು ಎನ್ನುವ ಹಿರಿಯರಿದ್ದರೆ ನೆನಪಿಡಿ, ಅದು 3,700 ಮೀಟರಿಗೂ ಮೇಲಿದೆ. ಹೃದಯ, ಶ್ವಾಸದ ತೊಂದರೆ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು, ಮೂರು ವರ್ಷದ ಮಗುವನ್ನು ಕರೆದೊಯ್ಯುವುದಂತೂ ಬೇಡ. ನಮ್ಮ ದಸರಾ ರಜೆಯಲ್ಲೇ ಅಲ್ಲಿ ದಶೈಂ ಹಬ್ಬ, ಊರಿಗೆ ಊರೇ ಹೊರಟಿರುತ್ತದೆ, ಗಾಡಿ ಸಿಗುವುದು ಕಷ್ಟ.

ಗುಂಪಿನ ಜೊತೆಯೋ, ನೀವೇ ಹೋಗುವುದೋ?

ಅಡುಗೆಯವರನ್ನೂ ಜೊತೆಗೆ ಕರೆದೊಯ್ಯುವ ಗುಂಪು ಪ್ರವಾಸಗಳು ಹಿರಿಯ ದಂಪತಿಗೆ ಒಳ್ಳೆಯವು. ಪುಟ್ಟ ಮಕ್ಕಳಿದ್ದರೆ ಬೇಡ. ಬೆಳಿಗ್ಗೆ ಏಳಕ್ಕೆ ಬಸ್ಸಿನಲ್ಲಿರಬೇಕು, ನಲವತ್ತು ಜನ ನಿಮ್ಮ ಮಗು ಎಚ್ಚರವಾಗಲೆಂದು ಕಾಯುವುದಿಲ್ಲ. ಏಜೆಂಟರಿಂದ ನಿಮ್ಮ ಮನೆಯವರಿಗಷ್ಟೇ ಪ್ಯಾಕೇಜ್ ಮಾಡಿಸುವುದು ಮಧ್ಯದ ದಾರಿ. ಆಗ ಪ್ಯಾಕೇಜಿನ ಹಣ ಕಟ್ಟುವಾಗಲೇ ಟಿಸಿಎಸ್ ಎಂದು ಆದಾಯ ತೆರಿಗೆ ಹಿಡಿಯುತ್ತಾರೆ, ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಹಾಗಾಗಿ ಬುಕಿಂಗ್ ತೆರಿಗೆ ಕಟ್ಟುವವರ ಹೆಸರಿನಲ್ಲಿರಲಿ. ವಿಮೆ ಮಾಡಿಸುವಾಗ ಮೊದಲಿನಿಂದ ಇರುವ ಬಿಪಿ, ಸಕ್ಕರೆ ಕಾಯಿಲೆಗಳಿಗೂ ರಕ್ಷಣೆ ಇದೆಯೇ ಎಂದು ಓದಿ ನೋಡಿ, ಅಗ್ಗದ ಪಾಲಿಸಿಗಳಲ್ಲಿ ಅದನ್ನೇ ಬಿಟ್ಟಿರುತ್ತಾರೆ. ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ಕೆಳಗೆ ಹಾಕುವ ಸಾಮಾನಿನಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ಯಾರಿಗೆ ಯಾವುದು

ಎಲ್ಲರಿಗೂ ಇದೇ ಮೊದಲ ವಿಮಾನ, ಕೈಯಲ್ಲಿ ದುಡ್ಡು ಅಳತೆಯಷ್ಟೇ, ಹಿರಿಯರು ಹತ್ತಿಪ್ಪತ್ತು ಮೆಟ್ಟಿಲು ಏರಬಲ್ಲರು ಎಂದರೆ ಶ್ರೀಲಂಕಾ. ಐದು ದಿನ, ಎರಡೇ ಊರು. ಗಾಲಿಕುರ್ಚಿ ಇಲ್ಲದೆ ಆಗುವುದಿಲ್ಲ ಎನ್ನುವವರು ಮನೆಯಲ್ಲಿದ್ದರೆ ಇನ್ನೊಂದು ವರ್ಷ ದುಡ್ಡು ಕೂಡಿಸಿಯಾದರೂ ಸಿಂಗಾಪುರಕ್ಕೇ ಹೋಗಿ. ನೆಂಟರ ಮನೆ ಇದ್ದರೆ, ಡಿಸೆಂಬರಿನಲ್ಲಿ ರಜೆ ಸಿಕ್ಕರೆ ದುಬೈ. ಹಿರಿಯರ ಆಸೆ ದರ್ಶನದ್ದೇ ಆಗಿದ್ದು, ಮಕ್ಕಳು ಹತ್ತು ದಾಟಿದ್ದರೆ ನೇಪಾಳ, ಕಠ್ಮಂಡು ಒಂದರಲ್ಲೇ ನಾಲ್ಕು ದಿನ.

ಯಾವುದನ್ನೇ ಆರಿಸಿ, ಇವತ್ತೇ ಹಿರಿಯರ ಪಾಸ್‌ಪೋರ್ಟ್ ತೆಗೆದು ಹೆಸರು ನೋಡಿ. ನಮ್ಮ ಕಡೆಯ ಎಷ್ಟೋ ಅಜ್ಜ ಅಜ್ಜಿಯರಿಗೆ ಅದರಲ್ಲಿ ಒಂದೇ ಹೆಸರು ಇರುತ್ತದೆ, ಮನೆತನದ ಹೆಸರಿನ ಜಾಗ ಖಾಲಿ. ಯುಎಇ 2022ರ ನವೆಂಬರಿನಿಂದ ಅಂಥ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡಲು ತಕರಾರು ಮಾಡುತ್ತದೆ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ, ಪಯಣದ ದಿನಕ್ಕೆ ಆರು ತಿಂಗಳಾದರೂ ಉಳಿದಿರಬೇಕು. ಅತ್ತೆಯ ಪಾಸ್‌ಪೋರ್ಟಿನಲ್ಲಿ ಹೆಸರು ಸೇರಿಸಿ ಹೊಸದು ಕೈಗೆ ಬರುವಷ್ಟರಲ್ಲಿ ನಮಗೆ ಎರಡು ತಿಂಗಳು ಹಿಡಿದಿತ್ತು.